ಸರ್ವರ್ ಹಂಚಿದ ನಂಬರುಗಳು

ಮಲೇಷ್ಯಾದ ಮೆಲಾಕಾ ಊರಿನ ಆ ಸಣ್ಣ ಆಸ್ಪತ್ರೆಯಲ್ಲಿ ನಲವತ್ತು ಕಂಪ್ಯೂಟರ್‌ಗಳಿದ್ದವು. ಒಂದೊಂದಕ್ಕೂ ನೆಟ್‌ವರ್ಕಿನಲ್ಲಿ ಗುರುತಿಗೆ ಬೇಕಾದ ಐಪಿ ನಂಬರನ್ನು ಕೈಯಾರೆ ಹಾಕಿ ಕೊಡುತ್ತಿದ್ದವರು ಅಲ್ಲಿನ ಹಳೆಯ ಟೆಕ್ನೀಷಿಯನ್, ಐವತ್ತೈದು ದಾಟಿದ ತಮಿಳರು. ಒಂದೇ ನಂಬರು ಎರಡಕ್ಕೆ ಬಿದ್ದರೆ ಎರಡರ ಕೆಲಸವೂ ಕೆಡುತ್ತದೆ. ಅದಕ್ಕೇ ಯಾವ ನಂಬರು ಯಾವ ಕಂಪ್ಯೂಟರ್‌ದು ಎಂದು ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು.

ಆ ನಂಬರುಗಳನ್ನು ಸರ್ವರೇ ತಾನಾಗಿ ಹಂಚುವಂತೆ ಮಾಡಲು ಸೈಬರ್‌ಜಯಾ ನಗರದ ನಮ್ಮ ಕಂಪನಿ ನನ್ನನ್ನು ಕಳಿಸಿತ್ತು. ಯಾಕೆ ಬಂದಿದ್ದೇನೆಂದು ಗೊತ್ತಿದ್ದೂ ಅವರು ಮೊದಲ ದಿನವೇ ನೋಟ್‌ಬುಕ್ ತಂದು ನನ್ನ ಕೈಗಿಟ್ಟರು. ನನಗೆ ಅವರು ಅಣ್ಣ, ಅವರಿಗೆ ನಾನು ತಂಬಿ. ಮಧ್ಯಾಹ್ನ ನನಗಾಗಿ ಹಲಾಲ್ ಅಂಗಡಿಯನ್ನೇ ಹುಡುಕಿ ಊಟ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬರುತ್ತಿದ್ದರು. ಶುಕ್ರವಾರ ನಮಾಜಿಗೆ ನನ್ನನ್ನು ತಮ್ಮ ಬೈಕಿನಲ್ಲೇ ಮಸೀದಿಗೆ ಬಿಟ್ಟು, ಮುಗಿಯುವವರೆಗೆ ಹೊರಗೆ ಕಾದರು.

ಐದನೇ ದಿನಕ್ಕೆ ಕೆಲಸ ಮುಗಿಯಿತು. ಪ್ರಿಂಟರುಗಳಿಗೆ ಖಾಯಂ ನಂಬರು, ಉಳಿದವುಗಳಿಗೆ ಸರ್ವರ್ ಕೊಟ್ಟದ್ದು. ಆಸ್ಪತ್ರೆಯ ಮುಖ್ಯಸ್ಥರು ಉಡುಪಿ ಕಡೆಯ ಡಾಕ್ಟರ್. ನಾನು ಹುಬ್ಬಳ್ಳಿಯವನೆಂದು ತಿಳಿದು ಖುಷಿಯಾಗಿ ಚಹಾಕ್ಕೆ ಕರೆದರು. ಹೊಸ ಲ್ಯಾಪ್‌ಟಾಪ್ ಒಂದನ್ನು ಜೋಡಿಸಿ ತೋರಿಸಿದೆ. ಯಾರೂ ಮುಟ್ಟದೆಯೇ ಅದಕ್ಕೆ ನಂಬರು ಬಂತು.

“ಹಾಗಾದ್ರೆ ಇನ್ನು ಈ ಕೆಲಸಕ್ಕೆ ಒಬ್ಬ ಮನುಷ್ಯ ಬೇಕಾ ಮಾರಾಯ್ರೆ?” ಎಂದರು.

“ಬ್ಯಾಡ ಸರ್, ಎಲ್ಲಾ ಸರ್ವರೇ ನೋಡ್ಕೊಂತದ,” ಎಂದೆ.

ಹೆಮ್ಮೆಯಿಂದಲೇ ಹೇಳಿದೆ. ಅವರು ಕೇಳಿದ್ದು ಯಾರ ಬಗ್ಗೆ ಎಂದು ಹೊಳೆಯಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೊಳೆದಿತ್ತು. ಚಹಾ ಕುಡಿದು ಎದ್ದು ಬಂದೆ.

ತಿಂಗಳಾದ ಮೇಲೆ ಆಸ್ಪತ್ರೆಯ ಲ್ಯಾಬ್‌ನಿಂದ ಫೋನ್ ಬಂತು: ರಿಪೋರ್ಟ್ ಪ್ರಿಂಟ್ ಆಗುತ್ತಿಲ್ಲ. ಸೈಬರ್‌ಜಯಾದಲ್ಲಿ ಕೂತು ಎರಡು ತಾಸು ತಡಕಾಡಿದರೂ ಏನೂ ತಿಳಿಯಲಿಲ್ಲ. ಅಣ್ಣನನ್ನು ಕೇಳೋಣವೆಂದರೆ, ಅವರನ್ನು ತೆಗೆದು ಹದಿನೈದು ದಿನವಾಯಿತು ಎಂದರು ಲ್ಯಾಬಿನವರು. ನಾಚಿಕೆ ಬಿಟ್ಟು ಅಣ್ಣನ ಮೊಬೈಲಿಗೇ ಫೋನ್ ಮಾಡಿದೆ.

ಅಲಮಾರಿಯ ಹಿಂದೆ ಒಂದು ಹಳೆಯ ಪ್ರಿಂಟರ್ ಇದೆ, ಅದರ ನಂಬರನ್ನು ನೋಟ್‌ಬುಕ್ಕಿಗೆ ಏರಿಸಲು ಮರೆತಿದ್ದೆ ಎಂದರು. ಬಾಯಿಪಾಠವಾಗಿದ್ದ ನಂಬರನ್ನು ನಿಧಾನವಾಗಿ ಎರಡು ಸಲ ಹೇಳಿದರು. ಸರ್ವರ್ ಅದೇ ನಂಬರನ್ನು ಯಾವುದೋ ಲ್ಯಾಪ್‌ಟಾಪಿಗೆ ಕೊಟ್ಟಿತ್ತು. ಸರಿಮಾಡಿದೆ. ಪ್ರಿಂಟ್ ಬಂತು.

ಫೋನ್ ಇಡುವ ಮೊದಲು ಅವರು ಕೇಳಿದರು: “ತಂಬಿ, ಡಾಕ್ಟರ್ ನಿನ್ನನ್ನು ಕೇಳಿದ್ದರಾ?”

“ಹೌದು ಅಣ್ಣ.”

“ನೀನು ಇದ್ದದ್ದನ್ನೇ ಹೇಳಿದೆ. ಬಿಡು.”

ಬೈದಿದ್ದರೆ ಹಗುರವಾಗುತ್ತಿತ್ತು. ಆಮೇಲೆ ಎಷ್ಟು ಸಲ ಕರೆದರೂ ಅವರು ಫೋನ್ ಎತ್ತಲಿಲ್ಲ. ಅತ್ತ ಡಾಕ್ಟರು ನನ್ನನ್ನು ಹೊಗಳಿ ಕಂಪನಿಗೆ ಇಮೇಲ್ ಬರೆದರು. ಅದನ್ನು ನೋಡಿ ಕಂಪನಿ ನನ್ನನ್ನು ಇಂಥದ್ದೇ ಇನ್ನೊಂದು ಆಸ್ಪತ್ರೆಗೆ ಕಳಿಸಿತು. ಹೋದೆ. ಅಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಬೇರೆ ಉತ್ತರ ಕೊಡುತ್ತಿದ್ದೆ ಎನ್ನುವ ನಂಬಿಕೆ ನನಗಿಲ್ಲ.