ರೋಮಿನ ಹೆಂಚು, ಅಕ್ಕನ ಬೆರಳು

ಒಡೆದ ಹೆಂಚಿನ ಚೂರಿಗೂ ವಿಮಾನ ಹತ್ತುವ ಯೋಗ ಉಂಟು ಅಂತ ನನಗೆ ಗೊತ್ತಾದದ್ದು ೨೦೨೦ರ ಬೇಸಿಗೆಯಲ್ಲಿ. ಮಂಗಳೂರಲ್ಲಾದರೆ ಅಂಥ ಚೂರನ್ನು ಬಾವಿಕಟ್ಟೆಯ ಹತ್ತಿರ ಕೆಸರಾಗದ ಹಾಗೆ ಹಾಸಿಬಿಡುತ್ತಾರೆ. ಇಲ್ಲಿ ನೋಡಿದರೆ ಒಂದೊಂದು ಚೂರಿಗೂ ಒಂದೊಂದು ಪ್ಲಾಸ್ಟಿಕ್ ಚೀಲ, ಚೀಲಗಳೆಲ್ಲ ರಟ್ಟಿನ ಪೆಟ್ಟಿಗೆಯಲ್ಲಿ, ಪೆಟ್ಟಿಗೆಗಳು ಯೂನಿವರ್ಸಿಟಿ ಸಿಟಿ ಅನ್ನುವ ಜಾಗದ ನನ್ನ ಅಕ್ಕನ ಅಪಾರ್ಟ್‌ಮೆಂಟಿನ ಹಾಲ್ ತುಂಬ. ಕೂರಲಿಕ್ಕೆ ಜಾಗ ಇಲ್ಲ.

"ಸೋಫಾದ ಮೇಲಿನದ್ದನ್ನು ಮೆಲ್ಲ ಕೆಳಗಿಡು ಮಾರಾಯ್ತಿ, ಎರಡು ಸಾವಿರ ವರ್ಷದ್ದು," ಅಂದಳು ಅಕ್ಕ.

"ನಿನ್ನ ಸೋಫಾವೂ ಅಷ್ಟೇ ಹಳೆಯದು," ಅಂದೆ.

ಅಕ್ಕ ಈ ದೇಶಕ್ಕೆ ಬಂದದ್ದು ಹಳೆಯ ಕಾಲದ ಮಣ್ಣಿನ ಸಾಮಾನು ಓದಲಿಕ್ಕೆ. ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳದೆ ಯೂನಿವರ್ಸಿಟಿಯಲ್ಲೇ ಸಂಶೋಧಕಿಯಾಗಿ ಉಳಿದಳು. ಈ ಚೂರುಗಳು ಇಟಲಿಯಲ್ಲಿ ರೋಮನ್ನರ ಕಾಲದ ಒಂದು ಮನೆಯನ್ನು ಅಗೆದಾಗ ಸಿಕ್ಕಿದ ಮಾಡಿನ ಹೆಂಚು. ಯಾರೋ ಹಿಂದಿನವರು ಅಧ್ಯಯನಕ್ಕೆಂದು ತಂದು, ಕೆಲಸ ಮುಗಿಸದೆ ನೆಲಮಾಳಿಗೆಯಲ್ಲಿ ಇಟ್ಟು ಹೋಗಿದ್ದರು. ಈಗ ಅವನ್ನು ಇಟಲಿಗೆ ವಾಪಸ್ ಕಳಿಸಬೇಕಿತ್ತು. ಕಳಿಸುವ ಮೊದಲು ಪ್ರತಿ ಚೂರು ಯಾವ ಹೆಂಚಿನ ಯಾವ ಭಾಗ ಅಂತ ಗುರುತಿಸಿ, ಅಳೆದು, ತೂಕ ಮಾಡಿ, ಬಣ್ಣ ಬರೆದು ದಾಖಲೆ ಮಾಡಬೇಕು. ಕೋವಿಡ್ ಅಂತ ಲ್ಯಾಬ್ ಮುಚ್ಚಿದಾಗ ಅವಳ ಪ್ರೊಫೆಸರರು ಪರ್ಮಿಷನ್ ತೆಗೆದು ಪೆಟ್ಟಿಗೆಗಳನ್ನು ಮನೆಗೇ ಕಳಿಸಿಕೊಟ್ಟಿದ್ದರು.

ಅವಸರ ಇಟಲಿಯವರಿಗಿಂತ ಅಕ್ಕನಿಗೇ ಜಾಸ್ತಿ. ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣಿಗೆ ಇಳಿದಿತ್ತು. ಕಣ್ಣಿನೊಳಗೇ ಇಂಜೆಕ್ಷನ್ ಕೊಡುತ್ತಿದ್ದರು, ದೇವರೇ, ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ. ಎಷ್ಟು ದಿನ ಉಳಿಸಬಹುದೋ ಅಷ್ಟು ದಿನ ಉಳಿಸುತ್ತೇವೆ ಅಂತ ಡಾಕ್ಟರು ಹೇಳಿಯಾಗಿತ್ತು. ಇಷ್ಟು ವರ್ಷ ದುಡಿದದ್ದೆಲ್ಲ ಬೇರೆಯವರ ಪುಸ್ತಕಕ್ಕೆ. ಮುನ್ನುಡಿಯ ಕೊನೆಯಲ್ಲಿ ಕೃತಜ್ಞತೆ ಅಂತ ಒಂದು ಸಾಲು, ಅಷ್ಟೇ ಅವಳ ಪಾಲು. ಅವಳ ಹೆಸರೊಂದೇ ಇರುವ ಮೊದಲನೆಯ ಕೆಲಸ ಈ ಹೆಂಚಿನದ್ದು. "ಇದೊಂದು ಮುಗಿಸಿಬಿಡ್ತೇನೆ, ಆಮೇಲೆ ಕಣ್ಣು ಹೋದರೆ ಹೋಗಲಿ," ಅನ್ನುತ್ತಿದ್ದಳು. ಬಾಯಿ ಮುಚ್ಚು ಅಂತ ನಾನು ಬೈಯುತ್ತಿದ್ದೆ.

ನಾನಿರುವುದು ಸೆರಿಟೋಸಿನಲ್ಲಿ, ಅಕ್ಕನ ಮನೆಗೆ ಕಾರಿನಲ್ಲಿ ಒಂದೂವರೆ ಗಂಟೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನ್ ತೆಗೆದು ಅಪಾಯಿಂಟ್‌ಮೆಂಟ್ ಬರೆಯುವ ಕೆಲಸ. ಕ್ಲಿನಿಕ್ ಮುಚ್ಚಿತ್ತು, ಮನೆಯಲ್ಲಿ ನನ್ನ ಗಂಡ ಬೆಳಗಿನಿಂದ ಸಂಜೆವರೆಗೆ ಜೂಮಿನಲ್ಲಿ ಕಿರುಚುತ್ತಿದ್ದ. ಫ್ರೀವೇ ಖಾಲಿ ಹೊಡೆಯುತ್ತಿತ್ತು. ಅಕ್ಕನಿಗೆ ಹೊರಗಿನವರ ಸಂಪರ್ಕ ಆಗಬಾರದು, ನಾನು ಹೊರಗಿನವಳಲ್ಲ. ಹಾಗೆ ಹೋಗಲಿಕ್ಕೆ ಶುರು ಮಾಡಿದವಳು ಹೋಗುತ್ತಲೇ ಉಳಿದೆ.

ಪಾಠ ಸುಲಭವಾಗಿಯೇ ಇತ್ತು. ಮಟ್ಟಸವಾಗಿದ್ದು, ಎರಡು ಬದಿಯ ಅಂಚು ಎದ್ದು ನಿಂತಿದ್ದರೆ ಅದು ಟೆಗುಲಾ. ಸೀಳಿದ ಬಿದಿರಿನ ಹಾಗೆ ಬಾಗಿದ್ದರೆ ಇಂಬ್ರೆಕ್ಸ್. ಎರಡು ಟೆಗುಲಾ ಪಕ್ಕ ಪಕ್ಕ ಇಟ್ಟು, ನಡುವಿನ ಸಂದಿಗೆ ನೀರು ಇಳಿಯದ ಹಾಗೆ ಇಂಬ್ರೆಕ್ಸನ್ನು ಕವುಚುತ್ತಿದ್ದರು. ಟೆಗುಲಾದ ಅಡಿಭಾಗ ಮರಳು ಮರಳು, ಯಾಕೆಂದರೆ ಹಸಿ ಮಣ್ಣನ್ನು ಮರಳಿನ ಮೇಲೆ ಹಾಕಿ ಮಾಡುತ್ತಿದ್ದರು. ಮೇಲ್ಭಾಗ ಒದ್ದೆ ಕೈಯಲ್ಲಿ ಸವರಿದ್ದು, ನುಣುಪು. ಕೆಲವೊಮ್ಮೆ ಮಾಡಿದವನು ಅದರ ಮೇಲೆ ಬೆರಳಿನಲ್ಲಿ ಒಂದು ಗೀರು ಎಳೆದು ಗುರುತು ಹಾಕುತ್ತಿದ್ದ, ಅಥವಾ ಕಾರ್ಖಾನೆಯ ಮುದ್ರೆ ಒತ್ತುತ್ತಿದ್ದ. ಅಂಥದ್ದು ಸಿಕ್ಕಿದರೆ ಅಕ್ಕನಿಗೆ ಹಬ್ಬ.

ಇಷ್ಟು ಹೇಳಿಸಿಕೊಂಡೂ ನಾನು ಮೊದಲನೇ ಪೆಟ್ಟಿಗೆಯನ್ನು ಕೆಡಿಸಿ ಹಾಕಿದೆ. ಮುದ್ರೆ ಇದ್ದ ಚೂರನ್ನೆಲ್ಲ ತಲೆಕೆಳಗು ಬರೆದಿದ್ದೆ, ಮುದ್ರೆ ಇರುವ ಮಗ್ಗುಲೇ ಅಡಿಭಾಗ ಅಂತ. ಮಂಗಳೂರಿನ ಹೆಂಚಲ್ಲಿ ಹೆಸರು ಇರುವುದೇ ಅಡಿಗಲ್ವಾ? ಚಿಕ್ಕವರಿದ್ದಾಗ ಜ್ವರ ಬಂದು ಮಲಗಿದರೆ ಮಾಡಿನ ಹೆಂಚಿನ ಮೇಲಿನ ಕಾರ್ಖಾನೆಯ ಹೆಸರು ಓದುವುದೇ ನಮಗೆ ಕಾಲಕ್ಷೇಪ. ನಾನು ಬರೆದದ್ದನ್ನು ಓದಿಸಿ ಕೇಳಿದ ಅಕ್ಕ ಹೊಟ್ಟೆ ಹಿಡಿದು ನಕ್ಕಳು. "ಪುಣ್ಯಾತ್ಗಿತ್ತಿ, ರೋಮಿನವರನ್ನೆಲ್ಲ ಮಂಗಳೂರಿನ ಮಾಡಿನ ಕೆಳಗೆ ಮಲಗಿಸಿಬಿಟ್ಟೆಯಲ್ಲ!" ಅಂದು ಅಷ್ಟನ್ನೂ ಮತ್ತೆ ಮಾಡಿಸಿದಳು. 

ಬಣ್ಣದ್ದು ಇನ್ನೊಂದು ಪಜೀತಿ. ಚಿಕ್ಕ ಚಿಕ್ಕ ಬಣ್ಣದ ಚೌಕ ಅಂಟಿಸಿದ ಒಂದು ಪುಸ್ತಕ, ಒಂದೊಂದು ಚೌಕಕ್ಕೂ ನಂಬರು. ಚೂರನ್ನು ಪಕ್ಕಕ್ಕಿಟ್ಟು ಹೋಲಿಸಬೇಕು. ಆ ಹೊತ್ತಿಗೆ ಅಕ್ಕನಿಗೆ ಕೆಂಪೂ ಕಂದೂ ಒಂದೇ ಆಗಿತ್ತು. ನಾನು ನಂಬರು ಹುಡುಕುತ್ತಾ ಕೂತರೆ ಬೆಳಗಾಗುತ್ತದೆ. ಕೊನೆಗೆ ನಮ್ಮದೇ ಒಂದು ಕ್ರಮ ಮಾಡಿಕೊಂಡೆವು. ನಾನು ಕಂಡ ಹಾಗೆ ಹೇಳುವುದು, ಅವಳು ಪುಟ ಹೇಳುವುದು.

"ನಿನ್ನೆಯ ಬಂಗುಡೆ ಸಾರು," ಅನ್ನುತ್ತಿದ್ದೆ.

"ತೆಂಗಿನಕಾಯಿ ಜಾಸ್ತಿಯಾ, ಮೆಣಸು ಜಾಸ್ತಿಯಾ?"

"ಕಾಯಿ ಜಾಸ್ತಿ."

"ಹಾಗಾದರೆ ನಾಲ್ಕನೇ ಪುಟ ತೆಗಿ, ಮೇಲಿನ ಸಾಲು ನೋಡು." ನೋಡಿದರೆ ಅದೇ. ಸೋಜಿಗ ಅಲ್ವಾ? ಕಣ್ಣಿಲ್ಲದೆ ಅವಳು ಬಣ್ಣ ನೋಡುತ್ತಿದ್ದಳು, ನನ್ನ ಬಾಯಿಯಿಂದ. ಇಟಲಿಗೆ ಹೋದ ಆ ದಾಖಲೆಯ ನಂಬರುಗಳ ಹಿಂದೆ ನಮ್ಮ ಮನೆಯ ಸಾರು, ಚಟ್ನಿ ಎಲ್ಲ ಉಂಟು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ.

ಮಾರನೇ ವರ್ಷ ವ್ಯಾಕ್ಸಿನ್ ಎಲ್ಲ ಆದ ಮೇಲೆ ಅವಳ ಬಲಗಣ್ಣೊಳಗೆ ರಕ್ತ ಸೋರಿತು. ಆಪರೇಷನ್ ಮಾಡಿದರು, ಪ್ರಯೋಜನ ಆಗಲಿಲ್ಲ. ಎಡಗಣ್ಣೂ ಹಿಂದೆಯೇ ಹೋಯಿತು. ಕಿಟಕಿ ಎಲ್ಲಿ ಉಂಟು ಅನ್ನುವಷ್ಟು ಬೆಳಕು ಮಾತ್ರ ಉಳಿಯಿತು. ನಾನು ಕೆಳಗೆ ಕಾರಿನಲ್ಲಿ ಕೂತು ಅತ್ತು, ಮುಖ ತೊಳೆದುಕೊಂಡು ಮೇಲೆ ಬಂದರೆ ಅವಳು ಮೇಜಿನ ಮುಂದೆ ಕೈಚಾಚಿ ಕೂತಿದ್ದಳು. "ಎಲ್ಲಿ ಸತ್ತಿದ್ದೆ? ಮುಂದಿನ ಚೀಲ ಕೊಡು," ಅಂದಳು.

ಆಮೇಲಿನದ್ದು ಬೆರಳಿನ ಕಾಲ. ಹೆಬ್ಬೆರಳಲ್ಲಿ ಅಂಚು ಹಿಡಿದು ಒಮ್ಮೆ ಸವರಿದರೆ ಸಾಕು, "ಟೆಗುಲಾ, ಎಡಬದಿ, ಕೆಳಮೂಲೆ," ಅನ್ನುತ್ತಿದ್ದಳು. ಪರೀಕ್ಷೆ ಮಾಡಲು ನಾನು ಬೇಕೆಂದೇ ಮಗುಚಿ ಕೊಡುತ್ತಿದ್ದೆ, ಒಮ್ಮೆಯೂ ತಪ್ಪಲಿಲ್ಲ. ಕಣ್ಣಿದ್ದಾಗ ಕಾಣದಿದ್ದ ಗೀರೆಲ್ಲ ಬೆರಳಿಗೆ ಸಿಕ್ಕಿತು. ಪ್ರೊಫೆಸರರು ಫೋನಿನಲ್ಲಿ ಹೊಗಳಿದರೆ ಚಿಕ್ಕ ಹುಡುಗಿಯ ಹಾಗೆ ಕೆಂಪಾಗುತ್ತಿದ್ದಳು. ನನ್ನ ಕ್ಲಿನಿಕ್ ವಾರವಿಡೀ ತೆರೆದ ಮೇಲೆ ನಾನು ಶನಿವಾರ ಮಾತ್ರ ಹೋಗುವ ಹಾಗಾಯಿತು. ಉಳಿದ ದಿನ ಅವಳೊಬ್ಬಳೇ ಚೂರು ಸವರುತ್ತಾ ಫೋನಿನಲ್ಲಿ ರೆಕಾರ್ಡ್ ಮಾಡಿಡುತ್ತಿದ್ದಳು, ಶನಿವಾರ ನಾನು ಕೇಳಿ ಟೈಪ್ ಮಾಡುತ್ತಿದ್ದೆ. ಬಣ್ಣ, ಅಳತೆ, ತೂಕ ಎಲ್ಲ ಮೊದಲೇ ಬರೆದಾಗಿತ್ತು, ಹಾಗಾಗಿ ಚೂರನ್ನು ತೆಗೆದು ನೋಡುವ ಕೆಲಸ ನನಗಿರಲಿಲ್ಲ, ಬೇಕು ಅಂತ ಇಬ್ಬರಿಗೂ ಅನಿಸಲೂ ಇಲ್ಲ. ಪೆಟ್ಟಿಗೆಗಳು ಒಂದೊಂದಾಗಿ ಬಾಗಿಲ ಪಕ್ಕಕ್ಕೆ ಸರಿಯುತ್ತಾ ಬಂದು, ಹಾಲಿನಲ್ಲಿ ಮತ್ತೆ ನೆಲ ಕಾಣತೊಡಗಿತು. ಇವಳು ಮುಗಿಸಿಯೇ ಬಿಡುತ್ತಾಳೆ ಅಂತ ನನಗೆ ಧೈರ್ಯ ಬಂದಿತ್ತು.

೨೦೨೩ರಲ್ಲಿ ಒಂದು ಶನಿವಾರ ಮಧ್ಯಾಹ್ನ ಚಹಾ ಮಾಡಿ ಸ್ಟೀಲ್ ಲೋಟಕ್ಕೆ ಹಾಕಿದ್ದೆ. ಎಂಥ ಬಿಸಿ ಅಂದರೆ ನಾನು ಟವೆಲಿನಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟೆ. ಅಕ್ಕ ಕೈ ಚಾಚಿ ಐದೂ ಬೆರಳಲ್ಲಿ ಲೋಟವನ್ನು ಸುತ್ತಿ ಹಿಡಿದಳು.

"ಅಯ್ಯೋ, ಬಿಸಿ ಉಂಟು, ಬಿಡು!" ಅಂತ ಕಿರುಚಿದೆ.

"ಎಲ್ಲಿ ಬಿಸಿ? ಒಳ್ಳೆ ಬೆಚ್ಚಗೆ ಉಂಟು. ನಿನಗೆ ಎಲ್ಲದಕ್ಕೂ ಬೊಬ್ಬೆ," ಅಂದಳು. ಲೋಟ ಕೆಳಗಿಟ್ಟು ಪಕ್ಕದ ಚೂರು ತೆಗೆದುಕೊಂಡಳು. ಬೆರಳ ತುದಿಗಳು ಕೆಂಪಗಾಗಿದ್ದವು. ಹೆಬ್ಬೆರಳಲ್ಲಿ ಚೂರನ್ನು ಉದ್ದಕ್ಕೆ ಸವರಿ, "ಟೆಗುಲಾ. ಅಡಿಭಾಗ. ಏನೂ ಗುರುತಿಲ್ಲ," ಅಂದಳು.

ಅವಳ ಹೆಬ್ಬೆರಳ ಕೆಳಗೇ ಮೂರು ಗೀರಿದ್ದವು. ಹಸಿ ಮಣ್ಣಿನ ಮೇಲೆ ಯಾರೋ ಮೂರು ಬೆರಳನ್ನು ಒಟ್ಟಿಗೆ ಎಳೆದು ಬಾಗಿಸಿ ತಂದದ್ದು. ಕುರುಡಿಗೂ ಕಾಣುವ ಹಾಗೆ ಉಂಟು ಅಂತ ನಾನು ಯಾವಾಗಲೂ ಅನ್ನುತ್ತಿದ್ದ ಮಾತು ಬಾಯಿಗೆ ಬಂದು ಅಲ್ಲೇ ನಿಂತಿತು.

"ಇನ್ನೊಮ್ಮೆ ನೋಡು ಅಕ್ಕ," ಅಂದೆ. ನನ್ನ ಸ್ವರವೇ ಎಲ್ಲ ಹೇಳಿಬಿಟ್ಟಿತು ಅಂತ ಕಾಣುತ್ತದೆ. ಅವಳು ಹೆಬ್ಬೆರಳನ್ನು ಒತ್ತಿ ಒತ್ತಿ ಸವರಿದಳು. ಬೇರೆ ಬೆರಳಲ್ಲಿ ಸವರಿದಳು. ಎಡಗೈಗೆ ಬದಲಾಯಿಸಿದಳು.

"ಎಂತ ಉಂಟು ಅದರಲ್ಲಿ?"

ನಾನು ಅವಳ ಕೈಯಿಂದ ಚೂರು ತೆಗೆದುಕೊಳ್ಳಲಿಕ್ಕೆ ಹೋದೆ, ಅವಳು ಬಿಡಲಿಲ್ಲ.

"ಹೇಳೇ!" ಅಂತ ಗದರಿದಳು.

ಹೇಳಿದೆ.  ಅವಳು ಚೂರನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡು ಮೆಲ್ಲಗೆ ಎಳೆದಳು. ಕೆನ್ನೆಗೆ ಗೊತ್ತಾಯಿತು. "ಹೌದು. ಮೂರು. ಮೇಲ್ಭಾಗ ಇದು," ಅಂದಳು, ಕುರುಡುಗಣ್ಣಿನಲ್ಲಿ ನೀರು ಇಳಿಯಿತು. ಆ ಮನುಷ್ಯ ಯಾರೋ, ಸತ್ತು ಎರಡು ಸಾವಿರ ವರ್ಷ ಆಯಿತು, ಅವನ ಬೆರಳು ನನ್ನ ಅಕ್ಕನ ಕೆನ್ನೆ ಸವರಿತು. 

ಬೆರಳಿಗೆ ಸುಮಾರು ದಿನದಿಂದ ಜೋಮು ಹಿಡಿದ ಹಾಗೆ ಆಗುತ್ತಿತ್ತಂತೆ. ಮಣ್ಣು ಮುಟ್ಟಿ ಮುಟ್ಟಿ ಚರ್ಮ ದಪ್ಪ ಆಗಿರಬೇಕು ಅಂದುಕೊಂಡು ಎಣ್ಣೆ ಹಚ್ಚುತ್ತಿದ್ದಳಂತೆ. ಸಕ್ಕರೆ ಕಾಯಿಲೆ ಕಣ್ಣು ತಿಂದು ಮುಗಿಸಿ ಬೆರಳಿಗೆ ಬಂದಿತ್ತು. ಥೂ, ಅದರ ಮನೆ ಹಾಳಾಗ! ಬೇರೆ ಏನೂ ಸಿಗಲಿಲ್ಲವಾ ಅದಕ್ಕೆ?

"ಮುಗಿಸಿದ ಪೆಟ್ಟಿಗೆ ತೆಗಿ," ಅಂದಳು ಅಕ್ಕ. "ಕೊನೆಯದ್ದರಿಂದ ಹಿಂದಕ್ಕೆ ಹೋಗುವ."

ಅದರಷ್ಟು ಕೆಟ್ಟ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ. ಫೋನಿನಲ್ಲಿ ಅವಳದೇ ಧ್ವನಿ, ಗಟ್ಟಿಯಾಗಿ, ಪಾಠ ಮಾಡುವವರ ಹಾಗೆ, ಇಂಗ್ಲಿಷಿನಲ್ಲಿ ಹೇಳುತ್ತದೆ: ಟೆಗುಲಾ, ಅಡಿಭಾಗ, ಗುರುತಿಲ್ಲ. ನಾನು ಚೀಲ ಬಿಚ್ಚಿ ನೋಡುತ್ತೇನೆ. "ಅಲ್ಲ ಅಕ್ಕ." ಮುಂದಿನದ್ದು. "ಇದು ಸರಿ." ಮುಂದಿನದ್ದು. "ಅಲ್ಲ." ಅವಳು ಮಡಿಲಲ್ಲಿ ಕೈಯಿಟ್ಟುಕೊಂಡು ಕೇಳುತ್ತಿದ್ದಳು. ಕೊನೆಯ ಪೆಟ್ಟಿಗೆಯಲ್ಲಿ ತಪ್ಪೇ ಜಾಸ್ತಿ ಇತ್ತು. ಹಿಂದಕ್ಕೆ ಹೋದ ಹಾಗೆ ಕಡಿಮೆಯಾಗುತ್ತಾ ಹೋಗಿ, ಹಿಂದಿನ ವರ್ಷದ ಪೆಟ್ಟಿಗೆಗಳಲ್ಲಿ ತಪ್ಪು ಸಿಗಲಿಲ್ಲ. ಒಂದೆರಡು ಕಡೆ ಸುಳ್ಳು ಹೇಳಿ "ಸರಿ ಉಂಟು" ಅಂದುಬಿಡುವ ಅಂತ ನನಗೆ ಆಸೆಯಾಯಿತು. ಆದರೆ ನಾಲಿಗೆ ಏಳಲಿಲ್ಲ.

"ಇನ್ನು ನಾನು ನೋಡಿ ಹೇಳ್ತೇನೆ, ನೀನು ಬರೆಸು," ಅಂದೆ. "ಉಳಿದದ್ದು ಎಷ್ಟು ಮಹಾ ಉಂಟು? ಹೆಸರು ನಿನ್ನದೇ ಇರಲಿ."

"ನೀನು ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್ ಬರೆಯುವವಳು. ಮಣ್ಣು ಗೊತ್ತುಂಟಾ ನಿನಗೆ?"

"ಹಾಗಾದರೆ ಕೆನ್ನೆಯಲ್ಲೇ ನೋಡು. ಗೊತ್ತಾಗ್ತದಲ್ಲ!"

"ಎಷ್ಟು ಪೆಟ್ಟಿಗೆಗೆ ಮುಖ ಉಜ್ಜಲಿ, ಮಗೂ?" ಅಂದಳು. ನನ್ನನ್ನು ಅವಳು ಮಗೂ ಅಂದದ್ದು ಅಮ್ಮ ಹೋದ ಮೇಲೆ ಅದೇ ಮೊದಲು. ಕೆನ್ನೆಯ ಮೇಲೆ ಚೂರಿನ ಒಡೆದ ಅಂಚು ಗೀಚಿ ಕೆಂಪಗೆ ಗೆರೆ ಎದ್ದಿತ್ತು.

ಲ್ಯಾಪ್‌ಟಾಪ್ ತೆಗೆಯಲಿಕ್ಕೆ ಹೇಳಿದಳು. ಪ್ರೊಫೆಸರರಿಗೆ ಮೇಲ್ ಹೇಳಿ ಬರೆಸಿದಳು, ಒಂದು ಶಬ್ದಕ್ಕೂ ತಡವರಿಸದೆ. "ಇಂಥ ಪೆಟ್ಟಿಗೆಯಿಂದ ಈಚೆಗೆ ನಾನು ಗುರುತಿಸಿದ್ದನ್ನು ನಂಬಬೇಡಿ. ಅವನ್ನೂ ಉಳಿದದ್ದನ್ನೂ ಕಣ್ಣಿರುವ ಯಾರಿಗಾದರೂ ಕೊಡಿ. ಕೆಲಸ ಮುಗಿಸಿದವರ ಹೆಸರಿನಲ್ಲೇ ಅದು ಬರಲಿ. ಕೃತಜ್ಞತೆಯಲ್ಲಿ ಸೇರಿಸುವುದಾದರೆ ನನ್ನ ಜೊತೆ ನನ್ನ ತಂಗಿಯ ಹೆಸರನ್ನೂ ಸೇರಿಸಿ." ನಾನು ಟೈಪ್ ಮಾಡುತ್ತಾ ಮೂಗು ಸೊರಸೊರ ಎಳೆಯುತ್ತಿದ್ದೆ. "ಅತ್ತು ಸ್ಪೆಲ್ಲಿಂಗ್ ತಪ್ಪಿಸಬೇಡ," ಅಂದಳು.

ಓದಿ ಹೇಳಲಿಕ್ಕೆ ಹೇಳಿದಳು, ಓದಿದೆ. "ಕಳಿಸು," ಅಂದಳು. ಸದ್ದಿಲ್ಲದ ಮೌಸಿನ ಬಾಣವನ್ನು ಸೆಂಡ್ ಮೇಲೆ ತಂದು ನಿಲ್ಲಿಸಿದೆ, ಒತ್ತಲಿಕ್ಕೆ ನನ್ನ ಕೈಯಲ್ಲಿ ಆಗಲಿಲ್ಲ.

"ನನ್ನಿಂದ ಆಗುವುದಿಲ್ಲ ಅಕ್ಕ. ಬೇಕಾದರೆ ನೀನೇ ಒತ್ತು."

ಅವಳು ಮೇಜಿನ ಮೇಲೆ ಕೈ ಆಡಿಸಿದಳು. ಬೆರಳು ಮೌಸನ್ನು ದಾಟಿ ಆಚೆ ಹೋಯಿತು, ಮತ್ತೆ ಈಚೆ ಬಂತು, ಅದರ ಮೇಲೇ ನಿಂತರೂ ಅವಳಿಗೆ ತಿಳಿಯಲಿಲ್ಲ, ಹುಡುಕುತ್ತಲೇ ಇದ್ದಳು. ಅದನ್ನು ನೋಡಲಾರದೆ ಅವಳ ತೋರುಬೆರಳು ಹಿಡಿದು ಸರಿಯಾದ ಜಾಗಕ್ಕಿಟ್ಟು, ಅದರ ಮೇಲೆ ನನ್ನ ಬೆರಳಿಟ್ಟು ಒತ್ತಿದೆ.

ಅಕ್ಕ ಸ್ವಲ್ಪ ಹೊತ್ತು ಕಾದಳು.

"ಒತ್ತಿದೆಯಾ?" ಅಂದಳು.