ಕೌದಿಯ ಹೊಟ್ಟೆಗೆ ಒಂದು ತುತ್ತು

ಚಿತ್ರಶಾಲೆಯ ಬಾಗಿಲಿಗೆ ಎದುರಾಗಿದ್ದ ಗೋಡೆಯನ್ನು ಸಾಹೇಬರು ನನಗೆ ಬಿಟ್ಟುಕೊಟ್ಟರು. "ಆ ಗ್ವಾಡಿ ನಿಮ್ಮದು, ಬಾಯಾರ. ಏನ ಹಾಕ್ತೀರೋ ಹಾಕ್ರಿ. ಆದ್ರ ಒಳಗ ಬಂದವರ ಕಣ್ಣು ಮೊದಲು ಅದರ ಮ್ಯಾಲೇ ಬೀಳ್ತದ, ಅಷ್ಟು ನೆನಪಿರಲಿ" ಎಂದರು. ನಾನು ಆ ದಿನ ಎಷ್ಟೋ ಸಲ ಎದ್ದುಹೋಗಿ ಆ ಖಾಲಿ ಗೋಡೆಯ ಮುಂದೆ ನಿಂತು ಬಂದೆ.

ಏಕೀಕರಣವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನರಗುಂದದ ಹಳೆಯ ವಾಡೆಯೊಂದರ ಮುಂಭಾಗಕ್ಕೆ ಸುಣ್ಣ ಹಚ್ಚಿ, ಮಾಳಿಗೆಯ ಚಾವಣಿಗೆ ಹೊಸ ಮಣ್ಣು ಹಾಕಿಸಿ, ಅಲ್ಲೊಂದು ಸಾರ್ವಜನಿಕ ಚಿತ್ರಶಾಲೆ ತೆರೆಯುವ ಸಿದ್ಧತೆ ನಡೆದಿತ್ತು. ಅದರ ಮುಖ್ಯಸ್ಥರು ಬೆಳಗಾವಿ ಕಡೆಯವರು, ಮುಂಬಯಿಯಲ್ಲಿ ಚಿತ್ರಕಲೆ ಕಲಿತು ಬಂದವರು. ನಾವು ಅವರನ್ನು ಸಾಹೇಬರು ಎನ್ನುತ್ತಿದ್ದೆವು. ನಾವು ಎಂದರೆ ಇಬ್ಬರೇ: ಸಹಾಯಕಿಯಾದ ನಾನು ಮತ್ತು ಒಬ್ಬ ಜವಾನ. ಚಿತ್ರಗಳ ಧೂಳು ಒರೆಸುವುದು, ಚೌಕಟ್ಟಿನ ಹಿಂದೆ ಗೆದ್ದಲು ಹತ್ತಿದೆಯೇ ನೋಡುವುದು, ಚಿತ್ರದ ಕೆಳಗಿನ ಚೀಟಿಗಳನ್ನು ಕನ್ನಡದಲ್ಲಿ ಬರೆಯುವುದು, ಹಳ್ಳಿಗಳಿಗೆ ಹೋಗಿ ಜನರ ಮನೆಯಲ್ಲಿ ನೋಡತಕ್ಕ ವಸ್ತು ಏನಿದೆ ಎಂದು ವಿಚಾರಿಸುವುದು ನನ್ನ ಕೆಲಸ. ಹೆಣ್ಣುಮಗಳಾದರೆ ಅಡಿಗೆಮನೆಯ ತನಕ ಬಿಟ್ಟುಕೊಳ್ಳುತ್ತಾರೆ ಎಂಬುದು ಸಾಹೇಬರ ಲೆಕ್ಕ. ಅದು ಖರೆಯೇ ಆಗಿತ್ತು.

ನಾನು ಲಕ್ಕಲಕಟ್ಟಿಯವಳು. ನಮ್ಮ ಅಪ್ಪ, ಅವ್ವ ಇಬ್ಬರೂ ಮಂದಿಯ ಹೊಲದಲ್ಲಿ ದುಡಿದವರು. ನಮ್ಮ ಮನೆತನದಲ್ಲಿ ಮೊದಲು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿದವಳು ನಾನು, ಮೊದಲು ಮ್ಯಾಟ್ರಿಕ್ ಕಂಡವಳು ನಾನು, ಧಾರವಾಡಕ್ಕೆ ಹೋಗಿ ಬಿ.ಎ. ಮಾಡಿಕೊಂಡು ಬಂದವಳೂ ನಾನೇ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಯಾರೂ ನನಗೆ ಅದನ್ನು ತಟ್ಟೆಯಲ್ಲಿಟ್ಟು ಕೊಟ್ಟಿರಲಿಲ್ಲ.

ಆ ಗೋಡೆಗೆ ಏನು ಹಾಕಬೇಕೆಂದು ನಾನು ಹೆಚ್ಚು ಯೋಚಿಸಲಿಲ್ಲ. ನಮ್ಮ ಓಣಿಯಲ್ಲಿ ಊರಿಗೆಲ್ಲ ಕೌದಿ ಹೊಲಿದು ಕೊಡುವ ಮುದುಕಿಯೊಬ್ಬಳಿದ್ದಳು. ಎಲ್ಲರಿಗೂ ಅವಳು ಆಯಿ. ಮಂದಿ ತಂದುಕೊಟ್ಟ ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಕೈಹೊಲಿಗೆ ಹಾಕುತ್ತಿದ್ದಳು. ಹೀಗೆ ಹೊಲಿಯುವಾಗ ಉಳಿದ ಚಿಂದಿಗಳನ್ನು ಚೆಲ್ಲದೆ, ತನಗೆಂದು ಒಂದು ಕೌದಿ ಮಾಡಿಕೊಂಡಿದ್ದಳು. ಅದರಲ್ಲಿ ಊರಿನ ಎಲ್ಲ ಮನೆಯ ಬಟ್ಟೆ ಇತ್ತು. ಗೌಡರ ಮನೆಯ ಇಳಕಲ್ ಸೆರಗಿನ ಪಕ್ಕದಲ್ಲೇ ನಮ್ಮ ಅವ್ವನ ಲಗ್ನದ ಸೀರೆಯ ಅಂಚು ಇತ್ತು. ಅದನ್ನು ಮಡಿಚಿ ಟ್ರಂಕಿನಲ್ಲಿ ಇಟ್ಟಿದ್ದಳು, ಯಾರೂ ಹೊದ್ದಿರಲಿಲ್ಲ.

ಕೇಳಲು ಹೋದಾಗ ಕಟ್ಟೆಯ ಮೇಲೆ ನಾಲ್ಕಾರು ಹೆಣ್ಣುಮಕ್ಕಳು ಕುಳಿತಿದ್ದರು.

"ಗ್ವಾಡಿಗೆ ಹಾಕಾಕ?" ಎಂದಳು ಆಯಿ. "ಯಾಕ, ನರಗುಂದದ ಗ್ವಾಡಿಗೆ ಥಂಡಿ ಹತ್ತೈತೇನ?"

ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಮಂದಿ ನೋಡಾಕ, ಆಯಿ."

"ಕೌದಿ ಏನ್ ನೋಡತಾರಬೇ? ಅವರವರ ಮನ್ಯಾಗ ಇಲ್ಲೇನು?"

"ಅದಾವು. ಅದಕ್ಕ ನೋಡ್ಲಿ ಅನ್ನಾಕತ್ತೀನಿ."

ಅವಳು ಟ್ರಂಕಿನ ಕಡೆ ಎದ್ದುಹೋದಳು. ಕೌದಿಯನ್ನು ನನ್ನ ತೊಡೆಯ ಮೇಲೆ ಇಡುವಾಗ ಒಂದೇ ಮಾತು ಹೇಳಿದಳು: "ಒಯ್ಯಿ. ಆದ್ರ ಹೊಟ್ಟಿ ಬಿಚ್ಚಬ್ಯಾಡ್ರಿ. ನಾ ತುಂಬಿದ ಹೊಟ್ಟಿ ಅದು."

ನಮ್ಮ ಕಡೆ ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯನ್ನು ಸುಮ್ಮನೆ ಮುಚ್ಚುವುದಿಲ್ಲ. ಒಂದು ಚೂರು ಹೋಳಿಗೆಯನ್ನೋ ರೊಟ್ಟಿಯನ್ನೋ ಒಳಗಿಟ್ಟು ಆಮೇಲೆ ಹೊಲಿಯುತ್ತಾರೆ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹಸಿದ ಕೌದಿ ಹೊದ್ದವರು ಹಸಿದೇ ಇರುತ್ತಾರಂತೆ. ಬಿಚ್ಚುವುದಿಲ್ಲ ಎಂದು ನಾನು ಮಾತು ಕೊಟ್ಟೆ.

ಕೌದಿಗೆ ಮೊಳೆ ಹೊಡೆಯುವಂತಿಲ್ಲ. ಹಿಂದುಗಡೆ ಮೇಲಂಚಿಗೆ ಉದ್ದಕ್ಕೂ ಒಂದು ಬಟ್ಟೆಯ ಪಟ್ಟಿ ಹೊಲಿದು, ಅದರೊಳಗೆ ಬಿದಿರಿನ ಕೋಲು ತೂರಿಸಿ, ಎರಡೂ ತುದಿಗೆ ಹುರಿ ಕಟ್ಟಿ ಏರಿಸಿದೆ. ಸಾಹೇಬರು ದೂರ ನಿಂತು ನೋಡಿದರು. "ಛಲೋ ಅದ" ಎಂದರು. ಅವರ ಬಾಯಿಂದ ಅಷ್ಟು ಬರುವುದೇ ಅಪರೂಪ. ನಾನು ಗೆದ್ದೆ ಎಂದುಕೊಂಡೆ.

ಉದ್ಘಾಟನೆಗೆ ಇನ್ನು ಹತ್ತು ಹನ್ನೆರಡು ದಿನವಿತ್ತು. ಒಂದು ಮುಂಜಾನೆ ಬಾಗಿಲು ತೆಗೆದ ಜವಾನ ಒಳಗಿನಿಂದಲೇ ಕೂಗಿದ: "ಬಾಯಾರ, ಲಗೂ ಬರ್ರಿ! ನಿಮ್ಮ ಕೌದಿ ನಡ್ಯಾಕತ್ತೈತ್ರಿ!"

ಓಡಿಹೋಗಿ ನೋಡಿದೆ. ಕಿಟಕಿಯ ಸಂದಿನಿಂದ ಹೊರಟ ಕೆಂಪಿರುವೆಯ ಸಾಲು ಗೋಡೆಗುಂಟ ಬಂದು, ಎರಡು ತೈಲಚಿತ್ರಗಳ ಚೌಕಟ್ಟಿನ ಹಿಂದೆ ಹಾದು, ಕೌದಿಯ ಕೆಳಮೂಲೆಗೆ ಸೇರಿತ್ತು. ಮೂಲೆ ಇರುವೆಗಳಿಂದ ಮಿಸುಕಾಡುತ್ತಿತ್ತು.

ಸಾಹೇಬರು ಬಂದರು. ಒಳಗೆ ಏನಿದೆ ಎಂದು ಕೇಳಿದರು. ಹೇಳಿದೆ.

"ಹೋಳಿಗಿ? ಚಿತ್ರಶಾಲ್ಯಾಗ ಹೋಳಿಗಿ?"

"ಒಂದ ಚೂರು ರೀ."

"ಇವತ್ತು ಇರುವಿ ಬಂದಾವ, ನಾಳೆ ಇಲಿ ಬರ್ತಾವ. ಇಲಿಗೆ ಕೌದಿ ಯಾವುದು, ಚಿತ್ರದ ಕ್ಯಾನ್ವಾಸ್ ಯಾವುದು ಗೊತ್ತಾಗ್ತದೇನು? ಮೂಲಿ ಬಿಚ್ಚಿ ತಗೀರಿ. ಇಲ್ಲಾ, ಕೌದಿ ವಾಪಸ್ ಕಳಿಸ್ರಿ. ಆ ಗ್ವಾಡಿಗೆ ದೊಡ್ಡ ಚೌಕಟ್ಟಿನ ದರ್ಬಾರದ ಚಿತ್ರ ನನ್ನ ಹತ್ರ ತಯಾರ ಅದ."

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಕೊಟ್ಟ ಮಾತು ಕೊಟ್ಟ ಮಾತೇ. ದರ್ಬಾರದ ಚಿತ್ರವಂತೂ ಆ ಗೋಡೆಗೆ ಬರಬಾರದು ಎಂದು ನನ್ನ ಹಟ. ಜರಿ ಪೇಟದವರನ್ನು ನಮ್ಮ ಜನ ತಲೆ ತಗ್ಗಿಸಿ ಬೇಕಾದಷ್ಟು ನೋಡಿದ್ದರು.

"ನಾ ಬಿಚ್ಚಂಗಿಲ್ರಿ" ಎಂದೆ. "ಹೊಲಿದಾಕಿನ್ನ ಕರಕೊಂಡು ಬರ್ತೀನಿ. ಆಕಿನ ಏನರ ಮಾಡ್ಲಿ."

"ದಿನ ಭಾಳ ಉಳಿದಿಲ್ಲ."

"ಗೊತ್ತೈತ್ರಿ."

ಕೌದಿಯನ್ನು ಇಳಿಸಿ, ಅಂಗಳದ ಬಿಸಿಲಿನಲ್ಲಿ ಹರವಿ, ಇರುವೆ ಝಾಡಿಸಿ, ಜವಾನನ ವಶಕ್ಕೆ ಕೊಟ್ಟು ಹೊರಟೆ. ರೋಣದಲ್ಲಿ ಮೋಟಾರು ಬದಲಿಸಿ ಗಜೇಂದ್ರಗಡಕ್ಕೆ, ಅಲ್ಲಿಂದ ನಡಿಗೆ. ಹಿಂದಿನ ದಿನದ ಮಳೆಗೆ ಕಪ್ಪು ಎರಿ ಮಣ್ಣು ಹದಗೊಂಡಿತ್ತು. ಹೆಜ್ಜೆ ಹೆಜ್ಜೆಗೂ ಚಪ್ಪಲಿಯ ತಳಕ್ಕೆ ಮೆತ್ತಿಕೊಂಡು ಭಾರವಾಗುತ್ತಿತ್ತು. ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಧಾರವಾಡಕ್ಕೆ ಮೊದಲ ಸಲ ಹೋಗುವಾಗಲೂ ಇದೇ ದಾರಿಯಲ್ಲಿ ಹೀಗೆಯೇ ನಡೆದಿದ್ದೆ. ಆಗ ಕೈಯಲ್ಲಿ ಹಿಡಿಯಲು ಚಪ್ಪಲಿ ಇರಲಿಲ್ಲ, ಅಷ್ಟೇ.

ಅವ್ವ ಪಡಸಾಲೆಯಲ್ಲಿ ಪಾಲಿಗೆ ಮಾಡುತ್ತಿದ್ದ ಹೊಲದ ಹಿಂಗಾರಿ ಬಿತ್ತಿಗೆಗೆ ಜೋಳದ ಕಾಳು ತೆಗೆಯುತ್ತಿದ್ದಳು. ಸುದ್ದಿ ಕೇಳಿ, "ಬಿ.ಎ. ಕಲಿತು ಇರುವಿ ಬೆನ್ನ ಹತ್ತಿ ಬಂದೀಯೇನ?" ಎಂದು ನಕ್ಕಳು. ಆಯಿಯನ್ನು ಅಲ್ಲಿಗೇ ಕರೆಸಿದಳು.

ಆಯಿ ನಗಲಿಲ್ಲ. "ಖಾಲಿ ಹೊಟ್ಟೀಲೆ ಕೌದಿ ಇಡಾಕ ಬರಂಗಿಲ್ಲಬೇ" ಎಂದಳು.

"ಅಲ್ಲಿ ಯಾರೂ ಹೊದಿಯಂಗಿಲ್ಲಲ್ಲ, ಆಯಿ."

"ಮಂದಿ ನೋಡತಾರಂತ ನೀನ ಹೇಳಿದಿ. ನೋಡಿದವರು ಹಸದ ಹೋಗಬೇಕೇನು?"

ಹೋಳಿಗೆ ಬೇಡವಾದರೆ ಬೇರೇನಾದರೂ ಇಡಬಹುದೇ ಎಂದು ಕೇಳಿದೆ. ಅರಿಶಿಣದ ಕೊಂಬು? "ಅದು ಕೊರಳಿಗೆ ಕಟ್ಟೂದು, ಹೊಟ್ಟಿಗೆ ತುಂಬೂದಲ್ಲ." ಉಪ್ಪು? "ಬರೇ ಉಪ್ಪು ಯಾರು ಉಣತಾರ?" ಉಪ್ಪಿಗೆ ಸಾಹೇಬರೂ ಒಪ್ಪುತ್ತಿರಲಿಲ್ಲ, ಅದು ನೀರು ಎಳೆಯುತ್ತದೆ, ಬಟ್ಟೆ ಕೆಡುತ್ತದೆ.

ಅಷ್ಟರಲ್ಲಿ ಅವ್ವ ಗಡಿಗೆಯಿಂದ ಮತ್ತೊಂದು ಬೊಗಸೆ ಕಾಳು ತೆಗೆದಳು. ಅವಳ ಮೊಣಕೈತನಕ ಬೂದಿ ಹತ್ತಿತ್ತು. ಬೀಜದ ಜೋಳಕ್ಕೆ ನುಸಿ ಬೀಳಬಾರದೆಂದು ನಮ್ಮಲ್ಲಿ ಬೂದಿ ಕಲಸಿ, ಒಣಗಿದ ಬೇವಿನ ಎಲೆ ಹಾಕಿ ಇಡುತ್ತಾರೆ. ಸಣ್ಣವಳಿದ್ದಾಗ ಆ ಬೂದಿ ಕಲಸುವ ಕೆಲಸ ನನ್ನದೇ ಆಗಿತ್ತು. ಕಾಲೇಜಿನ ಪುಸ್ತಕಗಳ ಮಧ್ಯೆ ಅದನ್ನು ಮರೆತಿದ್ದೆನೇ ಹೊರತು ಕೈ ಮರೆತಿರಲಿಲ್ಲ. ಹೋಗಿ ನಾಲ್ಕು ಕಾಳು ಎತ್ತಿಕೊಂಡು ಬಂದು ಆಯಿಯ ಅಂಗೈಯಲ್ಲಿಟ್ಟೆ.

"ಬೀಜದ ಜೋಳ ಅನ್ನ ಹೌದಿಲ್ಲೋ, ಆಯಿ?"

ಆಯಿ ಕಾಳನ್ನು ಬೆರಳಿನಿಂದ ಉರುಳಿಸಿ ನೋಡಿದಳು.

"ಅನ್ನ ಏನಬೇ, ಅನ್ನದ ಅವ್ವ ಅದು" ಎಂದಳು. ಮರುದಿನ ಅವ್ವ ಕಟ್ಟಿಕೊಟ್ಟ ಬೂದಿ ಜೋಳದ ಗಂಟು ಹಿಡಿದು ನನ್ನ ಜೊತೆ ಹೊರಟಳು.

ನರಗುಂದದಲ್ಲಿ ವಾಡೆಯ ಮೆಟ್ಟಿಲ ಹತ್ತಿರ ಕಾಲು ತೊಳೆಯಲು ನೀರು ಕೇಳಿದಳು. ಒಳಗೆ ಬಂದು, ಎದ್ದು ನಿಂತಿದ್ದ ಸಾಹೇಬರನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ನೀವೇನ್ರಿ ಇಲ್ಲಿ ಯಜಮಾನ್ರು? ನನ್ನ ಹೋಳಿಗಿ ನಿಮಗೇನ ಮಾಡಿತ್ರೀ ಯಪ್ಪಾ?"

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಆದರೆ ಜೋಳದ ಮಾತು ಬಂದಾಗ ನಗು ನಿಂತಿತು. "ಕಾಳಂದ್ರ ನುಸಿ ಬಂದೇ ಬರ್ತದ, ಬಾಯಾರ. ನಾ ಒಪ್ಪೂದಿಲ್ಲ."

"ಬಾಯಿಮಾತಿಗೆ ಒಪ್ಪಬ್ಯಾಡ್ರಿ" ಎಂದೆ. "ಪರೀಕ್ಷಾ ಮಾಡಿ ನೋಡ್ರಿ."

ಎರಡು ಗಾಜಿನ ಬಾಟಲಿ ತಂದೆ. ಒಂದಕ್ಕೆ ಬಜಾರದ ಜೋಳ, ಇನ್ನೊಂದಕ್ಕೆ ಅವ್ವನ ಬೂದಿ ಹಚ್ಚಿದ ಜೋಳ. ಸಾಹೇಬರು ಅರ್ಧ ಕೆಲಸಕ್ಕೆ ಒಪ್ಪುವವರಲ್ಲ. ಜವಾನನ ಮನೆಯ ಹಳೆಯ ಕಾಳಿನಿಂದ ಜೀವಂತ ನುಸಿಗಳನ್ನು ತರಿಸಿ, ಎರಡೂ ಬಾಟಲಿಗೆ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ ತಮ್ಮ ಮೇಜಿನ ಮೇಲೆಯೇ ಇಟ್ಟುಕೊಂಡರು. ಉದ್ಘಾಟನೆಯ ಹಿಂದಿನ ದಿನ ತೀರ್ಮಾನ. ಬೂದಿಯ ಬಾಟಲಿಯಲ್ಲಿ ಒಂದೇ ಒಂದು ನುಸಿ ಬದುಕಿದ್ದರೂ ದರ್ಬಾರದ ಚಿತ್ರ ಗೋಡೆಗೆ ಏರುವುದು ಎಂದಾಯಿತು.

ಆ ದಿನಗಳಲ್ಲಿ ಆಯಿ ನನ್ನ ಬಾಡಿಗೆ ಕೋಣೆಯಲ್ಲಿ ಉಳಿದಳು. ನನ್ನ ರೊಟ್ಟಿ ನೋಡಿ, "ಕಾಲೇಜಿನ್ಯಾಗ ಇದನ್ನ ಕಲಿಸಲಿಲ್ಲೇನು?" ಎಂದು ಹಂಗಿಸಿ ತಾನೇ ಒಲೆಯ ಮುಂದೆ ಕುಳಿತಳು. ಸಂಜೆ ನಾನು ಮನೆಗೆ ಬಂದ ಕೂಡಲೇ ಕೇಳುತ್ತಿದ್ದಳು: "ಸತ್ತವೇನ?"

"ಇನ್ನೂ ಹರದಾಡಾಕತ್ತಾವು, ಆಯಿ."

"ಪರೀಕ್ಷಾ ನಂದೋ, ನಿಂದೋ?"

"ಇಬ್ಬರದೂ."

ನಾನು ದಿನವೂ ಕೆಲಸ ನಿಲ್ಲಿಸದೆ ಮಾಡಿದೆ. ಇರುವೆ ಬಂದ ಕಿಟಕಿಯ ಸಂದಿಗೆ ಗಾರೆ ತುಂಬಿಸಿದೆ. ಎಲ್ಲ ಚೌಕಟ್ಟುಗಳನ್ನೂ ಇಳಿಸಿ ಹಿಂಬದಿ ಒರೆಸಿದೆ. ದರ್ಬಾರದ ಚಿತ್ರದ ಧೂಳನ್ನೂ ನಾನೇ ತೆಗೆದೆ. ಅದು ನನ್ನ ಕೆಲಸ. ಆದರೆ ಆ ಗೋಡೆಗೆ ಬೇರೆ ಯಾವ ಮೊಳೆಯನ್ನೂ ಹೊಡೆಯಗೊಡಲಿಲ್ಲ.

ಉದ್ಘಾಟನೆಯ ಹಿಂದಿನ ದಿನ ಸಾಹೇಬರು ಎರಡೂ ಬಾಟಲಿಗಳನ್ನು ಬಿಳಿ ಕಾಗದದ ಮೇಲೆ ಬೇರೆ ಬೇರೆ ಸುರುವಿದರು. ಬಜಾರದ ಜೋಳದಲ್ಲಿ ನುಸಿಗಳು ಆರಾಮಾಗಿ ಓಡಾಡಿಕೊಂಡಿದ್ದವು. ಕೆಳಗೆ ಹಿಟ್ಟು ಉದುರಿತ್ತು. ಬೂದಿಯ ಜೋಳದಲ್ಲಿ ಬಿದ್ದಿದ್ದವು ಅಲುಗಲಿಲ್ಲ. ಭೂತಗನ್ನಡಿ ಹಿಡಿದು, ಕಡ್ಡಿಯಿಂದ ಒಂದೊಂದನ್ನೂ ಮುಟ್ಟಿ ನೋಡಿದರು. ಆಯಿ ಬಾಗಿಲಿಗೆ ಒರಗಿ ನಿಂತಿದ್ದಳು.

"ಬೂದಿ ಬಟ್ಟಿಗೆ ತಾಗಬಾರದು" ಎಂದರು ಸಾಹೇಬರು ತಲೆಯೆತ್ತದೆ. "ಸಣ್ಣ ಗಂಟು ಕಟ್ಟಿ ಇಡ್ರಿ."

ಒಪ್ಪಿಗೆ ಎಂಬುದು ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಯಿಗೆ ಬೇಕಾಗಲಿಲ್ಲ. "ಬುತ್ತಿ ಕಟ್ಟಿದಂಗಾತು" ಎನ್ನುತ್ತ ಆಗಲೇ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದಳು.

ತಾನೇ ಹಾಕಿದ್ದ ಹೊಲಿಗೆಯನ್ನು ತಾನೇ ಬಿಚ್ಚಿದಳು. ಒಳಗಿನ ಹೋಳಿಗೆ ಕರಿ ಕಲ್ಲಿನ ಚೂರಿನಂತಾಗಿತ್ತು. ಅದನ್ನು ಹೊರಗೆ ಒಯ್ದು ದೂರದ ಬೇವಿನ ಗಿಡದ ಬುಡಕ್ಕೆ ಇಟ್ಟು ಬಂದಳು. "ಹುಡುಕ್ಯಾಡಿ ಬಂದಿದ್ದವು ಪಾಪ, ಹೊರಗ ಉಣ್ಲಿ." ಬಳಿಕ ಸಣ್ಣ ಗಂಟನ್ನು ಮೂಲೆಗೆ ಇಳಿಸಿ, ಬಾಯಿ ಮುಚ್ಚಿ, ದಾರವನ್ನು ಹಲ್ಲಿನಿಂದ ಕಡಿದಳು. ನಾನು ಕೋಲು ತೂರಿಸಿ ಏರಿಸಿದೆ.

ಚೀಟಿ ಬರೆಯುವುದು ಉಳಿದಿತ್ತು. ಆಯಿಯ ಹೆಸರು ಬರೆದೆ, ಊರು ಬರೆದೆ. ಅದರ ಕೆಳಗೆ, ತೈಲಚಿತ್ರಗಳಿಗೆ ಬಣ್ಣ, ಕ್ಯಾನ್ವಾಸ್ ಎಂದು ಬರೆಯುವ ಜಾಗದಲ್ಲಿ, "ಹಳೆಯ ಸೀರೆ, ಧೋತರ, ಕುಬಸದ ಖಣ, ನೂಲು, ಬೀಜದ ಜೋಳ, ಬೂದಿ" ಎಂದು ಬರೆದೆ. ಸಾಹೇಬರು ಓದಿದರು. ಏನೂ ತಿದ್ದಲಿಲ್ಲ.

ಮರುದಿನ ಭಾಷಣಗಳೆಲ್ಲ ಮುಗಿದ ಮೇಲೆ ಮಂದಿಯನ್ನು ಒಳಗೆ ಬಿಟ್ಟರು. ಚಿಕ್ಕನರಗುಂದದ ಕಡೆಯಿಂದ ಬಂದಿದ್ದ ಇಬ್ಬರು ಹೆಣ್ಣುಮಕ್ಕಳು, ತಲೆಯ ಮೇಲೆ ಸೆರಗು ಹೊತ್ತವರು, ಬಾಗಿಲಲ್ಲೇ ನಿಂತುಬಿಟ್ಟರು. "ಅಯ್ಯ, ಕೌದಿ!" ಎಂದಳು ಒಬ್ಬಳು. ಇನ್ನೊಬ್ಬಳು ನೆಟ್ಟಗೆ ಹೋಗಿ ಕೆಳಮೂಲೆಯನ್ನು ಹುಡುಕಿ ಹಿಡಿದು ಬೆರಳಿನಿಂದ ಒತ್ತಿ ನೋಡಿದಳು.

ಜವಾನ ಓಡಿಬಂದ. "ಯವ್ವಾ, ಮುಟ್ಟಬಾರದ್ರಿ!"

ನಾನು ಅವನಿಗೆ ಸುಮ್ಮನಿರು ಎಂದು ಕೈ ಮಾಡಿದೆ.

"ತುಂಬೈತಿ" ಎಂದು ಆಕೆ ಗೆಳತಿಗೆ ಹೇಳಿ, ಮುಂದಿನ ಚಿತ್ರದ ಕಡೆ ನಡೆದಳು.