ಲೆಕ್ಕಕ್ಕಿಲ್ಲದ ಪಟ್ಟು

ನೌಕರಿಗಂತ ಹೈದರಾಬಾದಿಗೆ ಬಂದಾಗ ರಾಷ್ಟ್ರಮಟ್ಟದ ಫ್ರೀಸ್ಟೈಲ್ ಕುಸ್ತಿ ಆಯ್ಕೆಗೆ ಹದಿನೈದೇ ದಿನ ಉಳಿದಿದ್ದವು. ತಾಲೀಮಿಗೆ ನನ್ನ ಜೋಡಿ ಕುಸ್ತಿ ಹಿಡಿಯಾಕ ಒಬ್ಬರೂ ಇರಲಿಲ್ಲ. ನಾರಾಯಣಗೂಡದ ಗಲ್ಲಿಯೊಳಗ ಹಳೇ ಗರಡಿ ಐತಿ ಅಂತ ಕೇಳಿ ಹೋದೆ. ಅಲ್ಲಿ ಕುಸ್ತಿ ಕಲಿಸೋ ಬೀದರ ಕಡೆಯ ಉಸ್ತಾದರು ಬಾಗಿಲಾಗ ತಡೆದ್ರು.

"ಹೆಣ್ಣುಮಕ್ಕಳು ಈ ಮಣ್ಣು ತುಳಿಯಂಗಿಲ್ಲ ಬೇಟಿ. ಒಳಗ ಹನುಮಪ್ಪನ ಮೂರ್ತಿ ಅದ."

ನಾನು ಕದಲಲಿಲ್ಲ. ಕಡೀಕ ಅಂಗಳದಾಗ ಹಳೇ ಮ್ಯಾಟ್ ಹಾಸಿ, ನನ್ನಷ್ಟೇ ತೂಕದ ಪಟ್ಟಶಿಷ್ಯನನ್ನ ಕರೆದ್ರು. ಕೈ ಕೊಡೋವಾಗಲೇ ಅವ ನಗತಿದ್ದ. ಕಾಲಿಗೆ ನುಗ್ಗಿ ಕೆಡವಿ, ಎರಡೂ ಭುಜ ಮ್ಯಾಟಿಗೆ ಹಚ್ಚಿ ಗೆದ್ದೆ.

ಉಸ್ತಾದರು ನನ್ನ ಕಡೆ ನೋಡಲಿಲ್ಲ. ಶಿಷ್ಯನ ಬೆನ್ನಿನ ಧೂಳ ಝಾಡಿಸ್ತಾ, "ಮನಸ್ಸಿಗೆ ಹಚ್ಕೋಬ್ಯಾಡ. ಮಣ್ಣಿನ ಮ್ಯಾಲ ಬಿದ್ರ ಸೋಲು. ಮ್ಯಾಟಿನ ಮ್ಯಾಲಿಂದು ಲೆಕ್ಕಕ್ಕಿಲ್ಲ," ಅಂದ್ರು.

"ಹಂಗಾದ್ರ ಮಣ್ಣಿನ ಮ್ಯಾಲೇ ಹಿಡಿಸ್ರಿ," ಅಂದೆ.

ಶಿಷ್ಯನನ್ನ ಒಳಗ ಕರಕೊಂಡು ಬಾಗಿಲು ಹಾಕ್ಕೊಂಡ್ರು.

ತಾಲೀಮಿಲ್ಲದೇ ಆಯ್ಕೆಗೆ ಹೋದೆ, ಮೊದಲನೇ ಸುತ್ತಿನಾಗ ಸೋತೆ. ಅದೂ ಮ್ಯಾಟಿನ ಮ್ಯಾಲೇ. ಅದನ್ನ ಮಾತ್ರ ಎಲ್ಲಾರೂ ಲೆಕ್ಕಕ್ಕ ಹಿಡಿದ್ರು.